ಹಲ್ಲೆಗೆರೆ ಹುಡುಗನ ಹದಿಮೂರು ತಿಂಗಳು

2013ರ ನವೆಂಬರಿನಲ್ಲಿ ಒಂದು ದಿನ ಅಪ್ಪ ಮಂಡ್ಯದಿಂದ ಫೋನ್ ಮಾಡಿದರು. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. ನಮ್ಮ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿಯವರನ್ನು ಒಬಾಮಾ ಅಮೆರಿಕದ ಸರ್ಜನ್ ಜನರಲ್, ಅಂದರೆ ಆರೋಗ್ಯದ ವಿಷಯದಲ್ಲಿ ದೇಶಕ್ಕೆಲ್ಲ ಬುದ್ಧಿ ಹೇಳುವ ಸರ್ಕಾರಿ ಡಾಕ್ಟರ್, ಮಾಡಿದ್ದಾರೆ ಅಂತ ಪೇಪರಿನಲ್ಲಿ ಓದಿದ್ದರು.

"ನಮ್ಮೋರು ಬಂದವ್ರೆ ಕಣಪ್ಪ ಅಲ್ಲಿಗೆ. ಇನ್ಮೇಲೆ ನೆಗಡಿ ಬಂದ್ರೆ ಹೆದರ್ಬೇಡ."

"ಇನ್ನೂ ಮಾಡಿಲ್ಲ ಅಪ್ಪ. ಹೆಸರು ಹೇಳಿದ್ದಾರೆ ಅಷ್ಟೆ. ಸೆನೆಟ್ ಒಪ್ಪಬೇಕು."

"ಅಧ್ಯಕ್ಷರೇ ಹೇಳಿದ್ಮೇಲೆ ಬ್ಯಾಡ ಅನ್ನೋಕೆ ಅವ್ರು ಯಾರು?"

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಲೆಕ್ಕದಲ್ಲಿ ಆರ್ಡರ್ ಬಂತು ಅಂದರೆ ಬಂತು. ಮಾರನೇ ದಿನ ಚಾರ್ಜ್ ತಗೊಂಡು ರಿಜಿಸ್ಟರಿಗೆ ಸಹಿ ಹಾಕುವುದೇ. ಆರ್ಡರ್ ಬಂದ ಮೇಲೆ ಸೆನೆಟ್ಟಿನ, ಅಂದರೆ ಇಲ್ಲಿನ ಸಂಸತ್ತಿನ ಮೇಲ್ಮನೆಯ, ನೂರು ಜನ ಕೂತು 'ಇವನು ಬೇಕೋ ಬೇಡವೋ' ಅಂತ ಕೈ ಎತ್ತುವುದು ಅವರಿಗೆ ತಮಾಷೆಯಾಗಿ ಕಂಡಿತು. ನಾನು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ ಆಗಲೇ ಏಳು ವರ್ಷ ಕಳೆದಿದ್ದೆ. ಇಲ್ಲಿನ ರೀತಿ ನನಗೆ ಗೊತ್ತು ಅಂತ ಧೈರ್ಯವಾಗಿ, "ಎರಡು ಮೂರು ತಿಂಗಳಲ್ಲಿ ಆಗುತ್ತೆ ಬಿಡಿ" ಅಂದೆ.

ಆಗಿದ್ದು ಹದಿಮೂರು ತಿಂಗಳಿಗೆ.

ಆ ಹದಿಮೂರು ತಿಂಗಳಲ್ಲಿ ನಾನೂ ಸುಮಾರು ಕಲಿತೆ. ಪ್ರತಿ ಭಾನುವಾರ ಅಪ್ಪ ತಪ್ಪದೆ ಕೇಳುತ್ತಿದ್ದರು, "ಏನಾಯ್ತು ನಮ್ ಹುಡುಗಂದು?" ಉತ್ತರ ಕೊಡಬೇಕಲ್ಲ, ಅದಕ್ಕೆ ಓದತೊಡಗಿದೆ. (ಮೂರ್ತಿಯವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದಿದ್ದು ಮಯಾಮಿಯಲ್ಲಿ. ಇದನ್ನು ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲ. ಅಜ್ಜ ಹಲ್ಲೆಗೆರೆಯವರು ಅಂದರೆ ಮೊಮ್ಮಗನೂ ಹಲ್ಲೆಗೆರೆಯವನೇ.)

ಇಲ್ಲಿನ ಸಂವಿಧಾನದ ಎರಡನೇ ವಿಧಿಯಲ್ಲಿ ಒಂದು ಮಾತಿದೆ. ರಾಯಭಾರಿಗಳು, ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ದೊಡ್ಡ ಅಧಿಕಾರಿಗಳು ಇವರ ಹೆಸರನ್ನು ಅಧ್ಯಕ್ಷರು ಸೂಚಿಸಬೇಕು, ಸೆನೆಟ್ಟಿನ ಸಲಹೆ ಮತ್ತು ಒಪ್ಪಿಗೆ ಪಡೆದು ನೇಮಿಸಬೇಕು. ಒಂದೇ ವಾಕ್ಯ. ಅದರಿಂದ ಇವತ್ತು 1,200ಕ್ಕೂ ಜಾಸ್ತಿ ಹುದ್ದೆಗಳು ಸೆನೆಟ್ಟಿನ ಬಾಗಿಲು ದಾಟಿಯೇ ಹೋಗಬೇಕು. ಮಂತ್ರಿಗಳು ಕೂಡ. ನಮ್ಮಲ್ಲಿ ಪ್ರಧಾನಿ ಪಟ್ಟಿ ಕೊಟ್ಟರೆ ರಾಷ್ಟ್ರಪತಿ ಪ್ರಮಾಣ ವಚನ ಬೋಧಿಸುತ್ತಾರೆ. ರಾಜ್ಯದ ಮಂತ್ರಿಗಳಾದರೆ ಪಟ್ಟಿ ದೆಹಲಿಗೆ ಹೋಗಿ, ಹೈಕಮಾಂಡ್ ತಿದ್ದಿ, ರಾತ್ರಿ ವಾಪಸ್ ಬರುತ್ತದೆ. ಅಲ್ಲೂ ಒಂದು ಒಪ್ಪಿಗೆ ಬೇಕು ಅಂತಾಯಿತಲ್ಲ. ಆದರೆ ಅದು ಸಂವಿಧಾನದಲ್ಲಿಲ್ಲ, ಟಿವಿಯಲ್ಲೂ ಬರುವುದಿಲ್ಲ.

ಯಾಕಿಟ್ಟರು ಈ ಬಾಗಿಲು? ಇಲ್ಲಿನ ಸಂವಿಧಾನ ಕಟ್ಟಿದವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲಿ ಬರೆದ ಕಾರಣ ನನಗೆ ಇವತ್ತಿಗೂ ಇಷ್ಟ. ಒಬ್ಬನೇ ಹೆಸರು ಆರಿಸಲಿ, ಆಗ ಜವಾಬ್ದಾರಿ ಯಾರದು ಅಂತ ಗೊತ್ತಿರುತ್ತದೆ. ಆದರೆ ಆ ಹೆಸರನ್ನು ನಾಲ್ಕು ಜನರ ಮುಂದೆ ಇಡಬೇಕು ಅಂದಾಗ ಅವನಿಗೆ ನಾಚಿಕೆಯೂ ಆಗುತ್ತದೆ, ಹೆದರಿಕೆಯೂ ಆಗುತ್ತದೆ. ತನ್ನ ರಾಜ್ಯದವನು, ತನ್ನ ನೆಂಟ, ತಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುವವನು ಅನ್ನುವುದನ್ನು ಬಿಟ್ಟರೆ ಬೇರೆ ಯೋಗ್ಯತೆ ಇಲ್ಲದವರ ಹೆಸರನ್ನು ಮುಂದಿಡಲು ಹಿಂಜರಿಯುತ್ತಾನೆ. ಇದನ್ನು ಅಪ್ಪನಿಗೆ ಹೇಳಿದಾಗ ಒಂದೇ ಮಾತಿನಲ್ಲಿ ಹಿಡಿದರು: "ಓ, ವಶೀಲಿ ತಡಿಯೋಕೆ."

ಹೌದು, ವಶೀಲಿ ತಡೆಯೋಕೆ. ಆದರೆ ಮೂರ್ತಿಯವರ ಕಥೆಯಲ್ಲಿ ವಶೀಲಿ ಬೇರೆ ದಿಕ್ಕಿನಿಂದ ಬಂತು.

ಅವರು 2012ರಲ್ಲಿ ಒಂದು ಟ್ವೀಟ್ ಮಾಡಿದ್ದರು. ರಾಜಕಾರಣಿಗಳು ಬಂದೂಕು ಸಂಘ ಎನ್‌ಆರ್‌ಎಗೆ ಹೆದರಿ ಜನರ ಜೀವದ ಜೊತೆ ಆಟ ಆಡುತ್ತಿದ್ದಾರೆ, ಬಂದೂಕು ಕೂಡ ಆರೋಗ್ಯದ ವಿಷಯವೇ ಅನ್ನುವ ಅರ್ಥದ್ದು. ಆಸ್ಪತ್ರೆಯಲ್ಲಿ ಗುಂಡೇಟು ತಿಂದವರನ್ನು ನೋಡುವ ಡಾಕ್ಟರು ಇದನ್ನಲ್ಲದೆ ಇನ್ನೇನು ಹೇಳಬೇಕು? ಫೆಬ್ರವರಿ 2014ರಲ್ಲಿ ಸೆನೆಟ್ಟಿನ ಆರೋಗ್ಯ ಸಮಿತಿ ಅವರನ್ನು ಕೂರಿಸಿ ಪ್ರಶ್ನೆ ಕೇಳಿತು, ಅದೇ ತಿಂಗಳು ಹೆಸರನ್ನು ಪಾಸೂ ಮಾಡಿತು. ಅಷ್ಟರಲ್ಲಿ ಎನ್‌ಆರ್‌ಎ ವಿರೋಧದ ಪತ್ರ ಬರೆದಿತ್ತು. ಆ ವರ್ಷದ ನವೆಂಬರಿನಲ್ಲಿ ಚುನಾವಣೆ. ಬಂದೂಕು ಜಾಸ್ತಿ ಇರುವ ರಾಜ್ಯಗಳ ಸದಸ್ಯರು, ಒಬಾಮಾ ಅವರದೇ ಪಕ್ಷದವರು, ಕೈ ಎತ್ತಲು ಹೆದರಿದರು. ಹೆಸರು ಹಾಗೇ ಮೂಲೆಗೆ ಬಿತ್ತು. ಯಾರೂ ತಿರಸ್ಕರಿಸಲಿಲ್ಲ, ಯಾರೂ ಒಪ್ಪಲೂ ಇಲ್ಲ. ಕಡತ ಮೇಜಿನ ಮೇಲೆ ಇದ್ದೇ ಇತ್ತು. ಇದು ಮಾತ್ರ ಅಪ್ಪನಿಗೆ ಚೆನ್ನಾಗಿ ಅರ್ಥವಾಯಿತು.

"ಅಲ್ಲೀವರ್ಗೂ ಇನ್‌ಚಾರ್ಜ್ ಯಾರು?" ಅಂತ ಕೇಳಿದರು. ಅವರಿಗೆ ಯಾವಾಗಲೂ ಇದೇ ಚಿಂತೆ. ಹುದ್ದೆ ಖಾಲಿ ಇದ್ದರೆ ಸಹಿ ಯಾರು ಹಾಕುತ್ತಾರೆ? ಇಲ್ಲೂ ಒಬ್ಬ ಪ್ರಭಾರ ಅಧಿಕಾರಿ ಇದ್ದರು. ಸೆಪ್ಟೆಂಬರ್ ಕೊನೆಗೆ ಟೆಕ್ಸಸ್ಸಿನ ಡಲ್ಲಾಸಿನಲ್ಲಿ ಎಬೋಲಾ ರೋಗಿ ಪತ್ತೆಯಾದ. ನಮ್ಮ ಆಫೀಸಿನಲ್ಲಿ ಕೈಕುಲುಕುವುದನ್ನೇ ಬಿಟ್ಟ ದಿನಗಳು ಅವು. ದೇಶಕ್ಕೆ ಆರೋಗ್ಯದ ವಿಷಯದಲ್ಲಿ ಧೈರ್ಯ ಹೇಳಬೇಕಾದ ಕುರ್ಚಿ ಖಾಲಿ. ಒಬಾಮಾ ಆಗ ಏನು ಮಾಡಿದರು ಗೊತ್ತಾ? ರಾನ್ ಕ್ಲೇನ್ ಅನ್ನುವ ವಕೀಲರನ್ನು ಎಬೋಲಾ ಉಸ್ತುವಾರಿಗೆ ಹಾಕಿದರು. ಅದು ಶ್ವೇತಭವನದ ಒಳಗಿನ ಹುದ್ದೆ, ಸೆನೆಟ್ಟಿನ ಒಪ್ಪಿಗೆ ಬೇಕಾಗಿಲ್ಲ. ಡಾಕ್ಟರು ಬಾಗಿಲ ಹೊರಗೆ, ವಕೀಲರು ಒಳಗೆ. ಮುಂಬಾಗಿಲು ತುಂಬಾ ಬಿಗಿಯಾದರೆ ಜನ ಹಿತ್ತಲಿನಿಂದ ಬರುತ್ತಾರೆ, ಅದು ಮಂಡ್ಯವಾದರೂ ಅಷ್ಟೆ, ವಾಷಿಂಗ್ಟನ್ ಆದರೂ ಅಷ್ಟೆ.

ಕೊನೆಗೆ ಕೆಲಸ ಆಗಿದ್ದೂ ವಿಚಿತ್ರವಾಗಿಯೇ. ಡಿಸೆಂಬರಿನಲ್ಲಿ ಸೆನೆಟ್ಟಿನ ಅವಧಿ ಮುಗಿಯುತ್ತಾ ಬಂದಿತ್ತು, ಎಲ್ಲರಿಗೂ ಊರಿಗೆ ಹೋಗುವ ಆತುರ. ರಿಪಬ್ಲಿಕನ್ ಸದಸ್ಯ ಟೆಡ್ ಕ್ರೂಜ್ ಬೇರೆ ಯಾವುದೋ ವಿಷಯಕ್ಕೆ ಹಟ ಹಿಡಿದು ಶನಿವಾರವೂ ಸಭೆ ಕೂರುವ ಹಾಗೆ ಮಾಡಿದರು. ಸಿಕ್ಕ ಆ ಹೊತ್ತನ್ನೇ ಬಳಸಿ ಡೆಮಾಕ್ರಟ್ ನಾಯಕ ಹ್ಯಾರಿ ರೀಡ್ ಬಾಕಿ ಇದ್ದ ಹೆಸರುಗಳನ್ನೆಲ್ಲ ಸಾಲಾಗಿ ಮತಕ್ಕೆ ತಂದರು. ಡಿಸೆಂಬರ್ 15ರಂದು ಮೂರ್ತಿಯವರು 51-43ರಲ್ಲಿ ಗೆದ್ದರು. ಪರವಾಗಿ ಮತ ಹಾಕಿದ ರಿಪಬ್ಲಿಕನ್ ಒಬ್ಬರೇ. ಹಳೇ ನಿಯಮವಿದ್ದಿದ್ದರೆ ವಿರೋಧದ ಗೋಡೆ ದಾಟಲು 60 ಮತ ಬೇಕಿತ್ತು. ಅವರ ಹೆಸರು ಪ್ರಕಟವಾದ ಒಂದು ವಾರಕ್ಕೆ ಸೆನೆಟ್ ಆ ನಿಯಮವನ್ನು ಬದಲಿಸಿತ್ತು. ಇಲ್ಲದಿದ್ದರೆ ಹಲ್ಲೆಗೆರೆಗೆ ಲಡ್ಡು ಹಂಚುವ ಯೋಗ ಇರಲಿಲ್ಲ.

ಇದನ್ನೆಲ್ಲ ಹತ್ತಿರದಿಂದ ನೋಡಿದ ಮೇಲೆ ಸೆನೆಟ್ಟಿನ ಮತದ ಬಗ್ಗೆ ನನಗೆ ಮೊದಲಿದ್ದ ಗೌರವ ಉಳಿಯಲಿಲ್ಲ. ಸಂಖ್ಯೆಗಳನ್ನೇ ನೋಡಿ. 1986ರಲ್ಲಿ ಸುಪ್ರೀಂ ಕೋರ್ಟಿಗೆ ಆಂಟೊನಿನ್ ಸ್ಕಾಲಿಯಾ 98-0. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ 96-3. ಇಬ್ಬರದೂ ಎಣ್ಣೆ ಸೀಗೇಕಾಯಿ ವಿಚಾರ, ಆದರೂ ಎರಡೂ ಪಕ್ಷ ಒಪ್ಪಿತು. 2018ರಲ್ಲಿ ಬ್ರೆಟ್ ಕ್ಯಾವನಾ 50-48. 2020ರಲ್ಲಿ ಏಮಿ ಬ್ಯಾರೆಟ್ 52-48, ಅದೂ ಅಧ್ಯಕ್ಷರ ಚುನಾವಣೆಗೆ ಎಂಟು ದಿನ ಇದ್ದಾಗ. ಅದೇ 2016ರ ಮಾರ್ಚಿನಲ್ಲಿ ಒಬಾಮಾ ಸೂಚಿಸಿದ ಮೆರಿಕ್ ಗಾರ್ಲೆಂಡ್ ಹೆಸರನ್ನು, ಚುನಾವಣೆ ಹತ್ತಿರ ಇದೆ ಅನ್ನುವ ನೆಪ ಹೇಳಿ, ಇದೇ ರಿಪಬ್ಲಿಕನ್ನರು ವಿಚಾರಣೆಯನ್ನೇ ಮಾಡದೆ ಹತ್ತು ತಿಂಗಳು ಕೂರಿಸಿದ್ದರು. ಎಂಟು ತಿಂಗಳು ಹತ್ತಿರ, ಎಂಟು ದಿನ ದೂರ! ರಕ್ಷಣಾ ಮಂತ್ರಿ ಪೀಟ್ ಹೆಗ್ಸೆತ್ 2025ರಲ್ಲಿ 50-50 ಆಗಿ, ಉಪಾಧ್ಯಕ್ಷರು ಬಂದು ತಮ್ಮ ಮತ ಸೇರಿಸಿದ ಮೇಲೆ ಪಾಸಾದರು. ಯಾರಿಗೆ ಬಹುಮತ ಇದೆ ಅಂತ ಗೊತ್ತಿದ್ದರೆ ಫಲಿತಾಂಶವೂ ಗೊತ್ತು.

ಒಂಟಿ ಸದಸ್ಯರ ತಕರಾರು ಇನ್ನೊಂದು ಕಥೆ. ಇಲ್ಲಿ ಅದಕ್ಕೆ 'ಹೋಲ್ಡ್' ಅನ್ನುತ್ತಾರೆ. ನಮ್ಮ ಕಡೆ ಖಾತೆ ಬದಲಾವಣೆಗೆ ಪಕ್ಕದ ಜಮೀನಿನವನು ಒಂದು ತಕರಾರು ಅರ್ಜಿ ಹಾಕಿದರೆ ಎಲ್ಲ ನಿಂತು ಹೋಗುತ್ತದಲ್ಲ, ಹಾಗೇ. 2023ರಲ್ಲಿ ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್ ಸೇನೆಯ ಒಂದು ಗರ್ಭಪಾತ ನೀತಿಗೆ ಸಿಟ್ಟಾಗಿ 400ಕ್ಕೂ ಹೆಚ್ಚು ಸೇನಾಧಿಕಾರಿಗಳ ಬಡ್ತಿಯನ್ನು ತಿಂಗಳುಗಟ್ಟಲೆ ತಡೆದರು. ಆ ಅಧಿಕಾರಿಗಳಿಗೂ ಆ ನೀತಿಗೂ ಸಂಬಂಧವಿಲ್ಲ. ಮರೀನ್ ಪಡೆಗೆ ನೂರು ವರ್ಷಗಳಲ್ಲಿ ಮೊದಲ ಸಲ ಸೆನೆಟ್ ಒಪ್ಪಿದ ಮುಖ್ಯಸ್ಥರು ಇಲ್ಲದ ಹಾಗಾಯಿತು. ಇದಕ್ಕೆ ತದ್ವಿರುದ್ಧ 2025ರದ್ದು. ಆ ಸೆಪ್ಟೆಂಬರಿನಲ್ಲಿ ನಿಯಮವನ್ನು ಮತ್ತೆ ಬದಲಿಸಿ ಒಂದೇ ಏಟಿಗೆ 48 ಹೆಸರುಗಳನ್ನು ಪಾಸು ಮಾಡಿದರು. ನಲವತ್ತೆಂಟು ಜನರಿಗೆ ಒಂದು ಮತ. ಸಾಮೂಹಿಕ ವಿವಾಹ ನೆನಪಾಯಿತು ನನಗೆ.

ಹಿಂದೆ ಎಲ್ಲ ಗಂಭೀರವಾಗಿತ್ತು, ಈಗ ಕೆಟ್ಟಿತು ಅಂತಲೂ ಅಲ್ಲ. 1843ರಲ್ಲಿ ಅಧ್ಯಕ್ಷ ಟೈಲರ್ ಖಜಾನೆ ಮಂತ್ರಿಗೆ ಕೇಲೆಬ್ ಕುಶಿಂಗ್ ಹೆಸರು ಕಳಿಸಿದರು. ಸೆನೆಟ್ ಬೇಡ ಅಂದಿತು. ಅದೇ ದಿನ ಮತ್ತೆ ಕಳಿಸಿದರು. ಬೇಡ. ಮತ್ತೆ ಕಳಿಸಿದರು! ಮೂರನೇ ಸಲ ಪರವಾಗಿ ಬಿದ್ದಿದ್ದು ಎರಡೇ ಮತ. 1925ರದ್ದು ಇನ್ನೂ ಚೆನ್ನಾಗಿದೆ. ಅಟಾರ್ನಿ ಜನರಲ್ ಹುದ್ದೆಗೆ ಚಾರ್ಲ್ಸ್ ವಾರೆನ್ ಹೆಸರು ಮತಕ್ಕೆ ಬಂತು, ಸಮ ಸಮ ಆಯಿತು. ಉಪಾಧ್ಯಕ್ಷ ಡಾಸ್ ಒಂದು ಮತ ಹಾಕಿದ್ದರೆ ಮುಗಿದಿತ್ತು. ಅವರು ಹೋಟೆಲ್ ರೂಮಿಗೆ ಮಲಗೋಕೆ ಹೋಗಿದ್ದರು. ಎಬ್ಬಿಸಿ ಕರೆತರುವಷ್ಟರಲ್ಲಿ ಒಬ್ಬ ಸದಸ್ಯರು ಮನಸ್ಸು ಬದಲಿಸಿ ಬೇಡ ಅಂದುಬಿಟ್ಟರು. ವಾರೆನ್ ಕೆಲಸ ನಿದ್ದೆಯಲ್ಲಿ ಹೋಯಿತು.

ಹಾಗಾದರೆ ಇದೆಲ್ಲ ಸುಮ್ನೆ ನಾಟಕವಾ? ನನ್ನ ಮಂಡ್ಯದ ಗೆಳೆಯರು ಕೆಲವರು ಹಾಗೇ ಅನ್ನುತ್ತಾರೆ. ನಾನು ಹಾಗೆ ಅನ್ನಲಾರೆ. ಯಾಕೆಂದರೆ ಮತಕ್ಕೆ ಮುಂಚೆ ಇನ್ನೊಂದು ಕೆಲಸ ನಡೆಯುತ್ತದೆ. ಪ್ರಶ್ನೆ ಕೇಳುವ ಕೆಲಸ. ಅದನ್ನು ಮತದ ಜೊತೆ ಕಟ್ಟಿ ಎಸೆಯಬಾರದು.

2018ರ ಸೆಪ್ಟೆಂಬರಿನಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ಕ್ಯಾವನಾ ವಿಚಾರಣೆ ಟಿವಿಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಬರುತ್ತಿತ್ತು. ಅಪ್ಪ ಕಾಫಿ ಲೋಟ ಹಿಡಿದು ಕೂತವರು ಏಳಲಿಲ್ಲ. ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಮುಖ ನೋಡುತ್ತಿದ್ದರು. "ಇದೇನೋ, ಹೆಣ್ಣು ನೋಡೋ ಶಾಸ್ತ್ರದ ಥರ ಐತಲ್ಲ. ಹಾಡು ಹೇಳು ಅಂತ ಒಂದು ಕೇಳಿಲ್ಲ" ಅಂದರು. ಮಧ್ಯಾಹ್ನವಾದ ಮೇಲೆ ಬೇರೆ ಮಾತು ಬಂತು: "ಇಷ್ಟು ದೊಡ್ಡ ಜಡ್ಜಿಗೆ ಇಷ್ಟು ಜನರ ಮುಂದೆ ಇಂಥ ಪ್ರಶ್ನೆ ಕೇಳ್ತಾರಾ? ನಮ್ಮಲ್ಲಿ ಒಬ್ಬ ತಹಶೀಲ್ದಾರನ್ನ ಹಿಂಗೆ ಕೇಳಕ್ಕಾಯ್ತದಾ?"

ಆಗಲ್ಲ. ಅದೇ ನಾನು ಹೇಳಬೇಕಾಗಿರುವುದು.

ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಅಂತ ತೋರಿಸಲು ನನಗೆ ಎರಡು ಪ್ರಸಂಗ ಸಾಕು. ಮೊದಲನೆಯದು 2017ರ ಡಿಸೆಂಬರಿನದು. ಫೆಡರಲ್ ನ್ಯಾಯಾಧೀಶ ಹುದ್ದೆಗೆ ಟ್ರಂಪ್ ಸೂಚಿಸಿದ ಮ್ಯಾಥ್ಯೂ ಪೀಟರ್ಸನ್ ಸಮಿತಿಯ ಮುಂದೆ ಕೂತಿದ್ದರು. ಲೂಸಿಯಾನಾದ ಸೆನೆಟರ್ ಜಾನ್ ಕೆನಡಿ, ಟ್ರಂಪ್ ಅವರದೇ ಪಕ್ಷದವರು, ಮೆಲ್ಲಗೆ ಕೇಳಿದರು. ಜ್ಯೂರಿ ಮುಂದೆ ಕೇಸು ನಡೆಸಿದ್ದೀರಾ? ಇಲ್ಲ. ಸಿವಿಲ್? ಇಲ್ಲ. ಕ್ರಿಮಿನಲ್? ಇಲ್ಲ. ಕೋರ್ಟಿನಲ್ಲಿ ದಿನಾ ಬಳಸುವ ಒಂದೆರಡು ಪದಗಳ ಅರ್ಥ ಕೇಳಿದರು, ಪೀಟರ್ಸನ್ ತಡವರಿಸಿದರು. ಐದೇ ನಿಮಿಷ. ಆ ವಿಡಿಯೊ ಊರೆಲ್ಲ ಹರಡಿತು. ಕೆಲವೇ ದಿನಕ್ಕೆ ಅವರು ತಾವಾಗಿ ಹೆಸರು ವಾಪಸ್ ತಗೊಂಡರು. ಮತದವರೆಗೆ ಹೋಗಿದ್ದರೆ ಬಹುಮತದ ಬಲದಲ್ಲಿ ಪಾಸಾಗುತ್ತಿದ್ದರೋ ಏನೋ. ಪ್ರಶ್ನೆ ಸಾಕಾಯಿತು.

ಎರಡನೆಯದು ಮೂರ್ತಿಯವರ ಹೆಸರು ಮೂಲೆಯಲ್ಲಿ ಬಿದ್ದಿದ್ದ ಕಾಲದ್ದೇ. ಒಬಾಮಾ ಚುನಾವಣೆಗೆ ಹಣ ಕೂಡಿಸಿಕೊಟ್ಟಿದ್ದ ಹೋಟೆಲ್ ಉದ್ಯಮಿ ಜಾರ್ಜ್ ಸುನಿಸ್ ಅವರನ್ನು ನಾರ್ವೆ ರಾಯಭಾರಿಯಾಗಿ ಸೂಚಿಸಿದ್ದರು. ನಮ್ಮಲ್ಲಿ ಮಂತ್ರಿ ಸ್ಥಾನ ಸಿಗದೆ ಮುನಿಸಿಕೊಂಡ ಶಾಸಕರಿಗೆ ನಿಗಮ-ಮಂಡಳಿ ಕೊಡುತ್ತಾರಲ್ಲ, ಇಲ್ಲಿ ದುಡ್ಡು ಕೊಟ್ಟವರಿಗೆ ಚೆಂದದ ದೇಶಗಳ ರಾಯಭಾರ. ಸಮಿತಿಯಲ್ಲಿ ಅವರು ನಾರ್ವೆಯ 'ಅಧ್ಯಕ್ಷ'ರ ಬಗ್ಗೆ ಮಾತಾಡಿದರು. ನಾರ್ವೆಗೆ ರಾಜ ಇದ್ದಾರೆ, ಅಧ್ಯಕ್ಷರು ಇಲ್ಲ. ಆ ದೇಶದ ಸರ್ಕಾರದಲ್ಲೇ ಇದ್ದ ಒಂದು ಪಕ್ಷವನ್ನು ಅಂಚಿನ ಗುಂಪು ಅನ್ನುವ ಹಾಗೆ ಬೈದರು. ನಾರ್ವೆಗೆ ಹೋಗಿದ್ದೀರಾ ಅಂದರೆ ಇಲ್ಲ. ವರ್ಷದ ಕೊನೆಗೆ ಅವರೂ ಹಿಂದೆ ಸರಿದರು. ಮುಂದೆ ಬೈಡನ್ ಕಾಲದಲ್ಲಿ ಗ್ರೀಸಿಗೆ ರಾಯಭಾರಿಯಾಗಿ ಹೋದರು ಬಿಡಿ. ಆ ದೇಶವಾದರೂ ಅವರಿಗೆ ಗೊತ್ತಿತ್ತು, ತಂದೆತಾಯಿಯ ಊರು.

ನಮ್ಮ ನಿಗಮ-ಮಂಡಳಿಯ ಅಧ್ಯಕ್ಷರನ್ನು ಯಾರಾದರೂ ಹೀಗೆ ಕೂರಿಸಿ, "ಸ್ವಾಮಿ, ಈ ನಿಗಮ ಏನು ಮಾಡುತ್ತೆ?" ಅಂತ ಕೇಳಿದರೆ? ನೆನೆಸಿಕೊಂಡರೇ ನಗು ಬರುತ್ತದೆ.

ಇನ್ನು ಕಾಗದ ಪತ್ರ. ಇಲ್ಲಿ ಹೆಸರು ಬಂದವರು ಆಸ್ತಿ, ಆದಾಯ, ಯಾವ ಕಂಪನಿಯಿಂದ ಎಷ್ಟು ಬಂತು ಎಲ್ಲ ಬರೆದು ಕೊಡಬೇಕು. 2021ರಲ್ಲಿ ಬೈಡನ್ ಮತ್ತೆ ಮೂರ್ತಿಯವರನ್ನೇ ಅದೇ ಹುದ್ದೆಗೆ ಸೂಚಿಸಿದಾಗ ಆ ಪತ್ರಗಳಿಂದಲೇ ಒಂದು ಸುದ್ದಿ ಹೊರಬಂತು. ಕೊರೊನಾ ವರ್ಷದಲ್ಲಿ ಕಾರ್ನಿವಲ್ ಹಡಗು ಕಂಪನಿ, ಏರ್‌ಬಿಎನ್‌ಬಿ, ನೆಟ್‌ಫ್ಲಿಕ್ಸ್ ಥರದವರಿಗೆ ಸಲಹೆ ಕೊಟ್ಟು, ಭಾಷಣ ಮಾಡಿ ಅವರು 20 ಲಕ್ಷ ಡಾಲರಿಗೂ ಜಾಸ್ತಿ ಗಳಿಸಿದ್ದರು. ಕಾನೂನು ಪ್ರಕಾರ ತಪ್ಪೇನಿಲ್ಲ. ಆದರೆ ನಾಳೆ ಹಡಗು ಹೊರಡಬೇಕೋ ಬೇಡವೋ ಅಂತ ಸರ್ಕಾರ ಯೋಚಿಸುವಾಗ ಪಕ್ಕದಲ್ಲಿ ಕೂರುವವರು ಇವರು. ಜನಕ್ಕೆ ಇದು ಗೊತ್ತಿರಬೇಕು, ಅಲ್ವಾ? ನನಗೆ ಮೂರ್ತಿಯವರ ಮೇಲೆ ಅಭಿಮಾನವಿದೆ. ನಮ್ಮವರು ಅಂತ ಈ ಪುಟವನ್ನು ಮಡಚಿಡೋಕೆ ಮಾತ್ರ ನನಗೆ ಮನಸ್ಸಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಅಮೆರಿಕದ ಈ ರೀತಿ ನಮ್ಮ ಸಂವಿಧಾನ ಬರೆದವರಿಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. 1949ರ ಮೇ 24ರಂದು ನ್ಯಾಯಾಧೀಶರ ನೇಮಕದ ಚರ್ಚೆಯಲ್ಲಿ ಅಂಬೇಡ್ಕರ್ ಇದನ್ನು ನೇರವಾಗಿಯೇ ಎತ್ತಿಕೊಂಡರು. ರಾಷ್ಟ್ರಪತಿಯ ಕೈಗೇ ಪೂರ್ತಿ ಬಿಡುವುದು ಅಪಾಯ, ಪ್ರತಿ ನೇಮಕಕ್ಕೂ ಶಾಸಕಾಂಗದ ಒಪ್ಪಿಗೆ ಕೇಳುವುದು ತೊಡಕಿನ ಕೆಲಸ, ಜೊತೆಗೆ ರಾಜಕೀಯದ ಒತ್ತಡವೂ ನುಸುಳುತ್ತದೆ ಅಂದರು. ಗಾರ್ಲೆಂಡ್, ಬ್ಯಾರೆಟ್ ಕಥೆ ನೋಡಿದವರು ಈ ಮಾತಿಗೆ ಇಲ್ಲ ಅನ್ನಲಾರರು.

ಮೂರು ವಾರ ಬಿಟ್ಟು ಚುನಾವಣಾ ಆಯುಕ್ತರ ವಿಷಯ ಬಂತು. ಸಂವಿಧಾನ ಸಭೆಯ ಸದಸ್ಯ ಶಿಬ್ಬನ್ ಲಾಲ್ ಸಕ್ಸೇನಾ ಒಂದು ತಿದ್ದುಪಡಿ ತಂದರು. ಮುಖ್ಯ ಚುನಾವಣಾ ಆಯುಕ್ತರ ಹೆಸರಿಗೆ ಸಂಸತ್ತಿನ ಎರಡೂ ಸದನ ಒಟ್ಟಿಗೆ ಕೂತು ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಬೇಕು ಅಂತ. ಈ ಸಲ ಅಂಬೇಡ್ಕರ್ ಸುಲಭವಾಗಿ ತಳ್ಳಿಹಾಕಲಿಲ್ಲ. ಆಯುಕ್ತರನ್ನು ತೆಗೆಯುವುದು ಕಷ್ಟ ಅಂತ ಮಾಡಿದ್ದೀವಿ, ಸರಿ. ಆದರೆ ಒಬ್ಬ ಮೂರ್ಖನೋ, ಕಪಟಿಯೋ, ಸರ್ಕಾರದ ಹೆಬ್ಬೆರಳ ಕೆಳಗಿನವನೋ ಆ ಕುರ್ಚಿಗೆ ಬರದ ಹಾಗೆ ತಡೆಯುವುದು ಹೇಗೆ ಅನ್ನುವ ಚಿಂತೆ ಅವರಿಗೂ ಇತ್ತು. ಸೆನೆಟ್ ಒಪ್ಪಿಗೆಯ ಅಮೆರಿಕದ ದಾರಿಯನ್ನು ಅಲ್ಲೇ ನೆನೆದರು. ರಾಷ್ಟ್ರಪತಿಗೆ ಒಂದು ಸೂಚನಾಪತ್ರ ಬರೆದಿಡೋಣವೇ ಅಂತ ಯೋಚಿಸಿದರು. ಆ ಸೂಚನಾಪತ್ರ ಆಮೇಲೆ ಕೈಬಿಟ್ಟು ಹೋಯಿತು. ಉಳಿದಿದ್ದು, ಸಂಸತ್ತು ಕಾಯ್ದೆ ಮಾಡಿದರೆ ಅದರ ಪ್ರಕಾರ ಅನ್ನುವ ಒಂದು ಮಾತು. ನೇಮಕದ ಆ ಕಾಯ್ದೆ ಬಂದಿದ್ದು 2023ರ ಡಿಸೆಂಬರಿನಲ್ಲಿ, ಅದೂ ಸುಪ್ರೀಂ ಕೋರ್ಟ್ ಮಾರ್ಚಿನಲ್ಲಿ ತಿವಿದ ಮೇಲೆ. ಕೋರ್ಟ್ ಹೇಳಿದ ಸಮಿತಿಯಲ್ಲಿ ಪ್ರಧಾನಿ, ವಿರೋಧ ಪಕ್ಷದ ನಾಯಕರು, ಮುಖ್ಯ ನ್ಯಾಯಮೂರ್ತಿ ಇದ್ದರು. ಕಾಯ್ದೆಯಲ್ಲಿ ಮುಖ್ಯ ನ್ಯಾಯಮೂರ್ತಿಯ ಕುರ್ಚಿಗೆ ಪ್ರಧಾನಿಯೇ ಆರಿಸಿದ ಮಂತ್ರಿ ಬಂದರು. ಮೂವರಲ್ಲಿ ಇಬ್ಬರು ಒಂದೇ ಕಡೆ.

ನನಗೆ ಆ ಎರಡು-ಒಂದರ ಲೆಕ್ಕಕ್ಕಿಂತ ಇನ್ನೊಂದು ಚುಚ್ಚುತ್ತದೆ. 2024ರ ಮಾರ್ಚಿನಲ್ಲಿ ಆ ಸಮಿತಿ ಸೇರಿತು. ಲೋಕಸಭೆಯಲ್ಲಿ ವಿರೋಧ ಪಕ್ಷದ ಕಡೆಯಿಂದ ಹೋಗಿದ್ದ ಅಧೀರ್ ರಂಜನ್ ಚೌಧರಿ ಹೊರಬಂದು ಹೇಳಿದರು: ಹಿಂದಿನ ರಾತ್ರಿ ತನಗೆ 212 ಹೆಸರು ಕೊಟ್ಟರು, ಆರು ಹೆಸರಿನ ಕಿರುಪಟ್ಟಿ ಸಿಕ್ಕಿದ್ದು ಸಭೆಗೆ ಹತ್ತು ನಿಮಿಷ ಇದ್ದಾಗ. ಒಂದು ರಾತ್ರಿಯಲ್ಲಿ 212 ಜನ! ನಮ್ಮ ಊರಲ್ಲಿ ಹಸು ಕೊಳ್ಳಬೇಕಾದರೂ ಹಲ್ಲು ನೋಡಿ, ಒಂದು ಹೊತ್ತು ಹಾಲು ಕರೆದು ನೋಡುತ್ತಾರೆ.

ಕರ್ನಾಟಕದ್ದೂ ಹೇಳಬೇಕು, ಇಲ್ಲದಿದ್ದರೆ ದೆಹಲಿ ಮೇಲೆ ಹಾಕಿ ತಪ್ಪಿಸಿಕೊಂಡ ಹಾಗಾಗುತ್ತದೆ. ನಮ್ಮ 1984ರ ಲೋಕಾಯುಕ್ತ ಕಾಯ್ದೆ ಕಾಗದದಲ್ಲಿ ಚೆನ್ನಾಗಿದೆ. ಮುಖ್ಯಮಂತ್ರಿ ಹೆಸರು ಹೇಳುವ ಮುಂಚೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಎರಡೂ ಸದನದ ಸಭಾಪತಿ-ಸ್ಪೀಕರ್, ಎರಡೂ ಸದನದ ವಿರೋಧ ಪಕ್ಷದ ನಾಯಕರು ಇವರನ್ನೆಲ್ಲ ಕೇಳಬೇಕು. ಒಂದು ರೀತಿಯಲ್ಲಿ ಸೆನೆಟ್ಟಿಗಿಂತ ಅಗಲವಾದ ಜಗಲಿ. ಆದರೆ 2012ರಲ್ಲಿ ಒಬ್ಬ ಉಪಲೋಕಾಯುಕ್ತರನ್ನು ನೇಮಿಸುವಾಗ ಮುಖ್ಯ ನ್ಯಾಯಮೂರ್ತಿಯನ್ನೇ ಸರಿಯಾಗಿ ಕೇಳಿರಲಿಲ್ಲ ಅಂತ ಹೈಕೋರ್ಟ್ ನೇಮಕ ರದ್ದು ಮಾಡಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಲೋಕಾಯುಕ್ತರ ಕುರ್ಚಿಯಂತೂ 2011ರ ಸೆಪ್ಟೆಂಬರಿನಿಂದ 2013ರ ಫೆಬ್ರವರಿವರೆಗೆ ಖಾಲಿ. ಅದೇ 2011ರಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿಯಿಂದ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದರು. ಅಷ್ಟು ಕೆಲಸ ಮಾಡಿದ ಕುರ್ಚಿ ಹದಿನೇಳು ತಿಂಗಳು ಖಾಲಿ. ಮೂರ್ತಿಯವರದು ಹದಿಮೂರು. ವಿಳಂಬ ಸೆನೆಟ್ಟಿನ ಸ್ವತ್ತೇನಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಮೂರ್ತಿಯವರ ಹದಿಮೂರು ತಿಂಗಳು ಯಾಕೆ ಹೋಯಿತು, ಯಾರು ಹೆದರಿದರು, ಯಾರು ಪತ್ರ ಬರೆದರು, ಯಾರು ಕೈ ಎತ್ತಿದರು ಎಲ್ಲ ನಾನು ಮನೆಯಲ್ಲಿ ಕೂತು ಓದಿ ಅಪ್ಪನಿಗೆ ಹೇಳಬಲ್ಲೆ. ನಮ್ಮ ಹದಿನೇಳು ತಿಂಗಳಿನ ಸುದ್ದಿ ರಾಜಭವನದ ಗೇಟಿನ ಹತ್ತಿರ ನಿಂತ ಪತ್ರಕರ್ತರಿಂದ ತುಂಡು ತುಂಡಾಗಿ ಬಂತು.

ನ್ಯಾಯಾಧೀಶರ ವಿಷಯದಲ್ಲಿ, ಹೊಸ ಹೆಸರುಗಳನ್ನು ಶಿಫಾರಸು ಮಾಡುವ ಹಿರಿಯ ನ್ಯಾಯಾಧೀಶರ ಗುಂಪಾದ ಕೊಲಿಜಿಯಂ 2017ರಿಂದ ತನ್ನ ನಿರ್ಣಯಗಳನ್ನು ವೆಬ್‌ಸೈಟಿನಲ್ಲಿ ಹಾಕತೊಡಗಿತು. 2023ರ ಜನವರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಸರ್ಕಾರದ ಆಕ್ಷೇಪಣೆಗಳನ್ನೂ ಪ್ರಕಟಿಸಿತು. ಮದ್ರಾಸ್ ಹೈಕೋರ್ಟಿಗೆ ಶಿಫಾರಸಾದ ಒಬ್ಬ ವಕೀಲರು ಪ್ರಧಾನಿಯನ್ನು ಟೀಕಿಸಿದ ಒಂದು ಲೇಖನವನ್ನು ಹಂಚಿಕೊಂಡಿದ್ದರು ಅನ್ನುವುದು ಅವುಗಳಲ್ಲಿ ಒಂದು. ಓದಿದ ತಕ್ಷಣ ನನಗೆ ಮೂರ್ತಿಯವರ ಟ್ವೀಟ್ ನೆನಪಾಯಿತು. ಎರಡು ದೇಶ, ಒಂದೇ ಥರದ ಮುನಿಸು. ಅಲ್ಲಿ ಟ್ವೀಟ್ ಬಗ್ಗೆ ಮೂರ್ತಿಯವರನ್ನೇ ಎದುರಿಗೆ ಕೂರಿಸಿ ಕೇಳಿದರು, ಅವರು ಉತ್ತರ ಕೊಟ್ಟರು. ನಮ್ಮ ವಕೀಲರನ್ನು ಸಭೆಯಲ್ಲಿ ಕೂರಿಸಿ ಯಾರೂ ಕೇಳಲಿಲ್ಲ. ಕೊಲಿಜಿಯಂ ಅದೊಂದು ಸಲ ಕಿಟಕಿ ತೆರೆಯದಿದ್ದರೆ ನಮಗೆ ವಿಷಯವೇ ಗೊತ್ತಾಗುತ್ತಿರಲಿಲ್ಲ.

ಹಾಗಂತ ಸೆನೆಟ್ಟಿನ ಮತವನ್ನು ಬೆಂಗಳೂರಿಗೆ ಹೊತ್ತು ತರೋಣ ಅಂತ ನಾನು ಹೇಳುವುದಿಲ್ಲ. ಅಂಬೇಡ್ಕರ್ ಹೇಳಿದ ತೊಡಕು, ಒತ್ತಡ ಎರಡನ್ನೂ ನಾನು ಇಲ್ಲಿ ಕಣ್ಣಾರೆ ನೋಡಿದ್ದೇನೆ. ರೆಸಾರ್ಟ್ ರಾಜಕೀಯ ಇರುವ ಕಡೆ ನೇಮಕಕ್ಕೂ ಮತ ಇಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ ಒಂದು ನಡುದಾರಿ ಹಿಡಿದಿದೆ. ಅಲ್ಲಿ 2008ರಿಂದ ಕೆಲವು ಮುಖ್ಯ ಹುದ್ದೆಗಳಿಗೆ ಹೆಸರು ಬಂದವರನ್ನು ಸಂಸತ್ತಿನ ಸಮಿತಿ ಕರೆದು ಬಹಿರಂಗವಾಗಿ ಪ್ರಶ್ನೆ ಕೇಳುತ್ತದೆ. ವರದಿ ಬರೆಯುತ್ತದೆ. ಮಂತ್ರಿ ಅದನ್ನು ಒಪ್ಪಲೇಬೇಕು ಅಂತಿಲ್ಲ. ಒಪ್ಪದಿದ್ದರೆ ಯಾಕೆ ಅಂತ ಜನ ಕೇಳುತ್ತಾರೆ, ಅಷ್ಟೆ.

ಅಷ್ಟೇ ನಮಗೂ ಸಾಕು. ಲೋಕಾಯುಕ್ತರು, ಕೆಪಿಎಸ್‌ಸಿ ಅಧ್ಯಕ್ಷರು, ಮಾಹಿತಿ ಆಯುಕ್ತರು ಇವರ ಹೆಸರು ಬಂದ ಮೇಲೆ ಹದಿನೈದು ದಿನದೊಳಗೆ ವಿಧಾನ ಪರಿಷತ್ತಿನ ಒಂದು ಸಮಿತಿ ಎರಡು ಗಂಟೆ ಕೂರಲಿ. ಚಿಂತಕರ ಚಾವಡಿ ಅಂತ ಕರೆಯುತ್ತೀವಲ್ಲ, ಚಾವಡಿ ಇರುವುದೇ ಹೀಗೆ ನಾಲ್ಕು ಜನ ಕೂತು ಕೇಳೋಕೆ. ಕ್ಯಾಮೆರಾ ಇರಲಿ. ಆಸ್ತಿ ಪತ್ರ, ಹಳೇ ಕೆಲಸದ ವಿವರ ಮೊದಲೇ ಎಲ್ಲರ ಕೈಗೆ ಸಿಗಲಿ. ಮತ ಬೇಡ. ಹದಿನೈದು ದಿನ ಮುಗಿದರೆ ಸಮಿತಿ ಕೂತಿರಲಿ ಬಿಡಲಿ, ನೇಮಕ ಮುಂದೆ ಹೋಗಲಿ. ತಕರಾರು ಅರ್ಜಿಗೆ ಜಾಗ ಬೇಡ. ಇದರಿಂದ ಒಳ್ಳೆಯವರು ಹುದ್ದೆಗೇ ಬರುವುದಿಲ್ಲ, ಮರ್ಯಾದೆಗೆ ಅಂಜುತ್ತಾರೆ ಅನ್ನುವ ಮಾತು ಇಲ್ಲೂ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಕ್ಯಾವನಾ ವಿಚಾರಣೆಯ ಥರದ ದಿನ ಯಾರಿಗೂ ಬೇಡ. ಆದರೆ ಲೋಕಾಯುಕ್ತರು ಬೇರೆಯವರ ಆಸ್ತಿ ಲೆಕ್ಕ ಕೇಳುವವರು. ಎರಡು ಗಂಟೆ ತಮ್ಮ ಲೆಕ್ಕ ಹೇಳುವುದು ಅವರಿಗೆ ಭಾರವಾಗಬಾರದು.

2021ರ ಮಾರ್ಚ್ 23ರಂದು ಮೂರ್ತಿಯವರು ಎರಡನೇ ಸಲ ಪಾಸಾದರು, 57-43. ಏಳು ರಿಪಬ್ಲಿಕನ್ನರು ಸೇರಿದ್ದರು. ಅಪ್ಪ ವಿಡಿಯೊ ಕಾಲಿನಲ್ಲಿ ಮಾಸ್ಕ್ ಗದ್ದಕ್ಕೆ ಎಳೆದುಕೊಂಡು ಕೇಳಿದರು, "ಈ ಸಲ ಎಷ್ಟು ತಿಂಗಳು?"

"ಎರಡು ಅಪ್ಪ."

"ಪರವಾಗಿಲ್ಲ. ಆ ಮೊದಲ್ನೇ ಸಲ ಕೇಳಿದ ಪ್ರಶ್ನೆ ಉತ್ತರ ಎಲ್ಲ ಸಿಗ್ತದೆ ಅಂದಿದ್ದೆಯಲ್ಲ, ಕಳ್ಸು."

ಪ್ರಿಂಟ್ ಮಾಡಿಸಿ ಕಳಿಸಿದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ತಿಂಗಳು ಓದಿದರಂತೆ. ಆಮೇಲೆ ಪುಟಗಳಿಗೆ ತೂತು ಹಾಕಿ, ಟ್ಯಾಗ್ ಕಟ್ಟಿ, ಮೇಲೆ ರಟ್ಟು ಹಚ್ಚಿ, ನೀಲಿ ಶಾಯಿಯಲ್ಲಿ 'ವಿ. ಮೂರ್ತಿ, ಹಲ್ಲೆಗೆರೆ' ಅಂತ ಬರೆದು ಕಪಾಟಿನಲ್ಲಿಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ ತೋರಿಸಿದರು. ಪಕ್ಕದಲ್ಲಿ ಇನ್ನೊಂದು ಖಾಲಿ ರಟ್ಟು ಇತ್ತು.

"ನಮ್ ಲೋಕಾಯುಕ್ತರದ್ದೂ ಇಂಥದ್ದು ಸಿಕ್ರೆ ತಂದ್ಕೊಡು" ಅಂದರು.